ಕೊನೆಯ ಅಂಕಿ ಯಾರದ್ದು?

ಒಂದು ಸಣ್ಣ ಲೆಕ್ಕ. 1ರ ಮುಂದೆ 16 ಸೊನ್ನೆ ಹಾಕಿ. ಅದಕ್ಕೆ 1 ಕೂಡಿ. ಬಂದ ಮೊತ್ತದಿಂದ ಮತ್ತೆ ಅದೇ 16 ಸೊನ್ನೆಯ ಸಂಖ್ಯೆಯನ್ನ ಕಳೆಯಿರಿ. ಉತ್ತರ 1 ಅಂತ ಸ್ಕೂಲಿಗೆ ಹೋಗೋ ಮಗುವೂ ಹೇಳುತ್ತೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಡಬಲ್ ಪ್ರಿಸಿಷನ್ ಇಟ್ಟುಕೊಂಡು ಮಾಡಿಸಿ ನೋಡಿ, 0 ಬರುತ್ತೆ. ಐಬಿಎಂ ಮೇನ್‌ಫ್ರೇಮಿನಲ್ಲಿ ಹಳೇ ಪದ್ಧತಿಯ ಲೆಕ್ಕದಲ್ಲಿ ಮಾಡಿಸಿದರೆ ಸರಿಯಾಗಿ 1 ಬರುತ್ತೆ. ಅದೇ ಮೇನ್‌ಫ್ರೇಮು, ಅದೇ ಪ್ರೋಗ್ರಾಮು, ಕಂಪೈಲರಿನ ಒಂದೇ ಒಂದು ಆಪ್ಷನ್ ಬದಲಿಸಿ, ಮತ್ತೆ 0.

ಪುಸ್ತಕಕ್ಕೆ ವಿಮರ್ಶೆ ಬರೀತಾರೆ, ಸಿನಿಮಾಕ್ಕೆ ಬರೀತಾರೆ, ದರ್ಶಿನಿಯ ಇಡ್ಲಿಗೂ ಬರೀತಾರೆ. ದಿನಾ ಎಂಟು ಗಂಟೆ ನಮ್ಮ ಜೊತೆ ಇರೋ ಸಾಫ್ಟ್‌ವೇರ್ ಲೈಬ್ರರಿಗಳ ಬಗ್ಗೆ ಮಾತ್ರ ‘ಫಾಸ್ಟ್ ಇದೆ’, ‘ಸ್ಲೋ ಇದೆ’ ಅನ್ನೋ ಎರಡು ಮಾತು ಬಿಟ್ಟರೆ ಯಾರೂ ಏನೂ ಹೇಳಲ್ಲ. ನಾನು ಬೆಂಗಳೂರಿನಲ್ಲಿ ಕೂತು ಮೇನ್‌ಫ್ರೇಮಿಗೆ ಕೋಡ್ ಬರೆಯೋ ಸಾವಿರಾರು ಜನರಲ್ಲಿ ಒಬ್ಬ. (‘ಅದು ಇನ್ನೂ ಬದುಕಿದೆಯಾ?’ ಅಂತ ಕೇಳೋ ಸ್ಟಾರ್ಟಪ್ ಗೆಳೆಯರಿಗೆ: ನೀವು ನಿನ್ನೆ ಸ್ವೈಪ್ ಮಾಡಿದ ಕಾರ್ಡಿನ ಹಿಂದೆ ಎಲ್ಲೋ ಒಂದು ಕಡೆ ಅದೇ ಇರೋ ಸಾಧ್ಯತೆ ಇದೆ.) ಝಡ್/ಓಎಸ್‌ನ ಸಿ ಕಂಪೈಲರಿನ ಜೊತೆ ಐಬಿಎಂ ಕೊಡೋ ಎರಡು ವೇಗದ ಗಣಿತ ಲೈಬ್ರರಿಗಳಿವೆ: ಮಾಸ್ ಮತ್ತು ಅಟ್ಲಾಸ್. ಅವುಗಳ ಜೊತೆ ಎರಡು ವರ್ಷ ಸಂಸಾರ ಮಾಡಿದ ಮೇಲೆ ನನ್ನ ಅಭಿಪ್ರಾಯ ಇದು.

ಮೊದಲು ಒಳ್ಳೇ ಮಾತು. ಮಾಸ್ ಅಂದರೆ ಮ್ಯಾಥಮ್ಯಾಟಿಕಲ್ ಆ್ಯಕ್ಸಲರೇಷನ್ ಸಬ್‌ಸಿಸ್ಟಮ್. ಎಕ್ಸ್‌ಪೊನೆನ್ಷಿಯಲ್, ಲಾಗ್, ಸೈನ್, ಘಾತ ಇಂಥ ಫಂಕ್ಷನ್‌ಗಳನ್ನ ಸಿ ಭಾಷೆಯ ಮಾಮೂಲಿ ಲೈಬ್ರರಿಗಿಂತ ಬೇಗ ಮಾಡಿಕೊಡುತ್ತೆ. ಅದರ ನಿಜವಾದ ಜೋರು ಇರೋದು ವೆಕ್ಟರ್ ರೂಪದಲ್ಲಿ. ಒಂದು ಸಂಖ್ಯೆ ಕೊಟ್ಟು ಒಂದು ಉತ್ತರ ಪಡೆಯೋ ಬದಲು ಸಾವಿರ ಸಂಖ್ಯೆಗಳ ಸಾಲನ್ನೇ ಕೈಗೆ ಕೊಡ್ತೀರಿ, ಅದು ಸಾವಿರ ಉತ್ತರ ವಾಪಸ್ ಕೊಡುತ್ತೆ. ಒಂದೊಂದೇ ಇಡ್ಲಿ ಬೇಯಿಸೋದಕ್ಕೂ ಸ್ಟ್ಯಾಂಡಿಗೆ ಹಿಟ್ಟು ಹೊಯ್ದು ಕುಕ್ಕರಿಗೆ ಇಡೋದಕ್ಕೂ ಇರೋ ವ್ಯತ್ಯಾಸ. 2015ರಲ್ಲಿ ಬಂದ ಝಡ್13 ಯಂತ್ರದಿಂದ ಪ್ರೊಸೆಸರಿನೊಳಗೇ 128 ಬಿಟ್ ಅಗಲದ 32 ವೆಕ್ಟರ್ ರಿಜಿಸ್ಟರುಗಳು ಬಂದವು. ಒಂದೊಂದರಲ್ಲಿ ಎರಡೆರಡು ಡಬಲ್ ಕೂರುತ್ತವೆ. ಸಾಲಿನ ಉದ್ದ ಎಷ್ಟು ಅಂತ ಹೇಳುವಾಗ ಮಾತ್ರ ಸಂಖ್ಯೆಯನ್ನ ನೇರ ಕೊಡೋ ಹಾಗಿಲ್ಲ, ಅದರ ವಿಳಾಸ ಕೊಡಬೇಕು. ಫೋರ್ಟ್ರಾನ್ ಕಾಲದ ಶಿಷ್ಟಾಚಾರ. ಮೊದಲ ಸಲ ಬಳಸಿದಾಗ ನನ್ನ ಪ್ರೋಗ್ರಾಮ್ ಬಿದ್ದಿದ್ದು ಅಲ್ಲೇ.

ಅಟ್ಲಾಸ್ ಇನ್ನೊಂದು ಥರದ ಪ್ರಾಣಿ. ಅದು ಮ್ಯಾಟ್ರಿಕ್ಸ್ ಲೆಕ್ಕಕ್ಕೆ. ಟೆನ್ನೆಸ್ಸೀ ವಿಶ್ವವಿದ್ಯಾಲಯದಲ್ಲಿ ಕ್ಲಿಂಟ್ ವೇಲಿ ಮತ್ತು ಜಾಕ್ ಡೊಂಗಾರಾ 1990ರ ದಶಕದ ಕೊನೆಯಲ್ಲಿ ಕಟ್ಟಿದ್ದು. ಅವರ ಯೋಚನೆ ಈಗಲೂ ಖುಷಿ ಕೊಡುತ್ತೆ: ಯಾವ ಯಂತ್ರಕ್ಕೆ ಯಾವ ಥರ ಬರೆದರೆ ವೇಗ ಅಂತ ಮನುಷ್ಯ ತಲೆ ಕೆಡಿಸಿಕೊಳ್ಳೋದು ಬೇಡ. ಮ್ಯಾಟ್ರಿಕ್ಸನ್ನ ಎಷ್ಟು ದೊಡ್ಡ ತುಂಡು ಮಾಡಬೇಕು, ಲೂಪನ್ನ ಎಷ್ಟು ಬಿಡಿಸಬೇಕು ಅನ್ನೋದರ ಹತ್ತಾರು ಬಗೆಗಳನ್ನ ಲೈಬ್ರರಿಯೇ ಇನ್‌ಸ್ಟಾಲ್ ಆಗುವಾಗ ಓಡಿಸಿ, ಗಡಿಯಾರ ನೋಡಿ, ಗೆದ್ದದ್ದನ್ನ ಇಟ್ಟುಕೊಳ್ಳುತ್ತೆ. ಆದರೆ ನಿಜ ಹೇಳಬೇಕು ಅಂದರೆ, ಬ್ಯಾಂಕು ವಿಮೆಯ ಅಂಗಳದಲ್ಲಿ ನಾನು ನೋಡಿರೋ ಕೋಡಿನಲ್ಲಿ ದೊಡ್ಡ ಮ್ಯಾಟ್ರಿಕ್ಸ್ ಗುಣಾಕಾರ ಸಿಕ್ಕಿದ್ದು ಒಂದೇ ಸಲ. ಹಾಗಾಗಿ ಅಟ್ಲಾಸ್ ವಿಷಯ ಇಲ್ಲಿಗೆ ಸಾಕು.

ಮಾಸ್‌ನ ಕೈಪಿಡಿ ಎರಡು ಮಾತು ಹೇಳುತ್ತೆ. ಎರಡೂ ಪ್ರಾಮಾಣಿಕವಾದ ಮಾತು. ಒಂದು: ಒಂದೇ ಸಂಖ್ಯೆಯನ್ನ ಸಾಲಿನ ಎಲ್ಲೇ ಇಡಿ, ಸಾಲು ಎಷ್ಟೇ ಉದ್ದ ಇರಲಿ, ವೆಕ್ಟರ್ ಫಂಕ್ಷನ್ ಅದಕ್ಕೆ ಯಾವಾಗಲೂ ಅದೇ ಉತ್ತರ ಕೊಡುತ್ತೆ. ಇದು ಸಣ್ಣ ವಾಗ್ದಾನ ಅಲ್ಲ. ಇವತ್ತು ನಿಮ್ಮ ಪಾಲಿಸಿ ಫೈಲಿನಲ್ಲಿ ಏಳನೇ ಜಾಗದಲ್ಲಿದೆ, ನಾಳೆ ಯಾರೋ ಒಬ್ಬರ ಪಾಲಿಸಿ ಮುಗಿದು ಆರನೇ ಜಾಗಕ್ಕೆ ಬರುತ್ತೆ. ಅಷ್ಟಕ್ಕೇ ನಿಮ್ಮ ದುಡ್ಡು ಬದಲಾಗಬಾರದು. ಎರಡನೇ ಮಾತು: ಈ ಉತ್ತರ ಮಾಮೂಲಿ ಲೈಬ್ರರಿಯ ಉತ್ತರದ ಜೊತೆ ಕೊನೆಯ ಬಿಟ್‌ವರೆಗೂ ಒಂದೇ ಇರಬೇಕು ಅಂತಿಲ್ಲ.

ಎರಡನೆಯದನ್ನ ನಾವು ಯಾರೂ ಓದಿರಲಿಲ್ಲ.

ಮೇನ್‌ಫ್ರೇಮಿನಲ್ಲಿ ವೇಗ ಯಾಕೆ ಬೇಕು ಅನ್ನೋದಕ್ಕೆ ಕಾರಣ ಬೇರೆ ಕಡೆ ಇರೋ ಹಾಗಲ್ಲ. ಗೇಮ್ ಓಡಿಸೋರಿಗೆ, ಹವಾಮಾನ ಲೆಕ್ಕ ಹಾಕೋರಿಗೆ ವೇಗ ಅಂದರೆ ಸಮಯ. ಇಲ್ಲಿ ವೇಗ ಅಂದರೆ ಬಿಲ್ಲು. ಸಾಫ್ಟ್‌ವೇರ್ ಲೈಸೆನ್ಸಿನ ಬಾಡಿಗೆಯನ್ನ ಬಹಳ ಕಡೆ ನಾಲ್ಕು ಗಂಟೆಯ ಸರಾಸರಿ ಸಿಪಿಯು ಬಳಕೆ ಆ ತಿಂಗಳಲ್ಲಿ ಎಲ್ಲಿ ಅತಿ ಹೆಚ್ಚು ಮುಟ್ಟಿತು ಅಂತ ನೋಡಿ ಲೆಕ್ಕ ಹಾಕ್ತಾರೆ. ತಿಂಗಳ ಕೊನೆಯ ರಾತ್ರಿ ನಿಮ್ಮ ಬ್ಯಾಚ್ ಜಾಬ್ ಒದ್ದಾಡಿದರೆ ಇಡೀ ತಿಂಗಳ ಬಿಲ್ಲು ಏರುತ್ತೆ. ತಮಾಷೆ ಅಂದರೆ, ಜಾವಾದಲ್ಲಿ ಬರೆದ ಕೆಲಸವನ್ನ ಝಿಪ್ ಅನ್ನೋ ವಿಶೇಷ ಪ್ರೊಸೆಸರಿಗೆ ಕಳಿಸಬಹುದು, ಅದು ಈ ಲೆಕ್ಕಕ್ಕೆ ಬರಲ್ಲ. ನಿಧಾನದ ಜಾವಾ ಎಷ್ಟೋ ಸಲ ವೇಗದ ಸಿಗಿಂತ ಅಗ್ಗ. ಈ ಲೋಕದ ಅರ್ಥಶಾಸ್ತ್ರವೇ ಹಾಗೆ.

ನಮ್ಮ ಕಥೆ ಹೀಗೆ. ಹೊರದೇಶದ ಒಂದು ವಿಮಾ ಕಂಪನಿ, ಹೆಸರು ಬೇಡ. ಪ್ರತಿ ತಿಂಗಳು ಎಲ್ಲ ಪಾಲಿಸಿಗಳ ಮೊತ್ತಕ್ಕೆ ಬಡ್ಡಿ ಸೇರಿಸಿ, ಶುಲ್ಕ ಕಳೆದು, ಮುಂದಿನ ಸ್ಥಿತಿ ಲೆಕ್ಕ ಹಾಕೋ ಸಿ ಪ್ರೋಗ್ರಾಮ್. 1990ರ ದಶಕದ್ದು, 31 ಬಿಟ್‌ನ ಕೋಡು. ಬಿಲ್ಲು ಇಳಿಸಿ ಅಂತ ನಮಗೆ ಹೇಳಿದ್ದರು. ನಾನು ಪ್ರೊಫೈಲ್ ಹಾಕಿ ನೋಡಿದೆ, ಘಾತ ಮತ್ತು ಎಕ್ಸ್‌ಪೊನೆನ್ಷಿಯಲ್ ಫಂಕ್ಷನ್‌ಗಳು ಕಣ್ಣಿಗೆ ಹೊಡೆದವು. ಮಾಸ್ ಹಾಕಿದೆ. ಗಣಿತದ ಭಾಗ 14 ನಿಮಿಷದಿಂದ 3 ನಿಮಿಷಕ್ಕೆ ಇಳೀತು! ಮ್ಯಾನೇಜರ್ ಆ ದಿನವೇ ಸ್ಲೈಡ್ ಮಾಡಿದರು. ಆ ಸ್ಲೈಡಿನಲ್ಲಿ ಇಲ್ಲದ ವಿಷಯ: ಇಡೀ ಜಾಬು ಮೂರು ಗಂಟೆ ಹತ್ತು ನಿಮಿಷದ್ದು, ಅದೀಗ ಎರಡು ಗಂಟೆ ಐವತ್ತೊಂಬತ್ತು. ಉಳಿದ ಹೊತ್ತೆಲ್ಲ ಡೇಟಾಬೇಸಿನಿಂದ ಓದೋದು, ಫೈಲಿಗೆ ಬರೆಯೋದು. ಗಣಿತವನ್ನ ಸೊನ್ನೆ ನಿಮಿಷಕ್ಕೆ ಇಳಿಸಿದ್ದರೂ ಇನ್ನು ಮೂರೇ ನಿಮಿಷ ಸಿಗ್ತಿತ್ತು. ‘ಐದು ಪಟ್ಟು ವೇಗ’ ಅನ್ನೋ ಮಾತು ಸುಳ್ಳಲ್ಲ, ಆದರೆ ಯಾವುದರ ಐದು ಪಟ್ಟು ಅಂತ ಕೇಳಬೇಕು.

ಆಮೇಲೆ ಪ್ಯಾರಲಲ್ ರನ್. ಹಳೇದು, ಹೊಸದು ಎರಡನ್ನೂ ಓಡಿಸಿ ಸಾಲು ಸಾಲು ಹೋಲಿಸೋದು. ನಾಲ್ಕು ಲಕ್ಷ ಚಿಲ್ಲರೆ ಪಾಲಿಸಿಗಳಲ್ಲಿ 37ರಲ್ಲಿ ಒಂದು ಸೆಂಟ್ ವ್ಯತ್ಯಾಸ. ಒಂದು ಸೆಂಟ್! ನಾವು ‘ರೌಂಡಿಂಗ್ ಡಿಫರೆನ್ಸ್’ ಅಂತ ಕಾಲಂನಲ್ಲಿ ಬರೆದು ಮುಂದಕ್ಕೆ ಹೋಗೋಕೆ ತಯಾರಾಗಿದ್ದೆವು. ರಾತ್ರಿ ಒಂಬತ್ತರ ಕಾಲ್‌ನಲ್ಲಿ ಆ ಕಡೆಯ ಆ್ಯಕ್ಚುಅರಿ ಮೇಡಂ ಒಂದು ಪಾಲಿಸಿ ತೆಗೆದು ತೋರಿಸಿದರು. ತಿಂಗಳ ಶುಲ್ಕಕ್ಕೆ ಬೇಕಾದಷ್ಟು ಮೊತ್ತ ಖಾತೆಯಲ್ಲಿ ಇಲ್ಲದಿದ್ದರೆ ಆ ಪಾಲಿಸಿ ಲ್ಯಾಪ್ಸ್ ಆಗುತ್ತೆ, ನೋಟಿಸ್ ಹೋಗುತ್ತೆ. ಹಳೇ ಲೆಕ್ಕದಲ್ಲಿ ಮೊತ್ತ ಮತ್ತು ಶುಲ್ಕ ಸರಿಸಮ. ಹೊಸ ಲೆಕ್ಕದಲ್ಲಿ ಒಂದು ಸೆಂಟ್ ಕಮ್ಮಿ. ಟೆಸ್ಟ್ ಪ್ರಿಂಟ್ ಫೈಲಿನಲ್ಲಿ ಒಬ್ಬ ಮನುಷ್ಯನ ಹೆಸರಿಗೆ ಕಾಗದ ತಯಾರಾಗಿ ಕೂತಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರಲ್ಲ, ಇಲ್ಲಿ ಅಡಿಕೆಯೂ ದೊಡ್ಡದಾಯ್ತು.

ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಎರಡರಲ್ಲಿ ಯಾವುದು ಸರಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊಸದು ವೇಗ ಅಂತ ಗೊತ್ತಿತ್ತು, ಅಷ್ಟೇ.

ಮಾರನೇ ದಿನ ತಪ್ಪು ಎಲ್ಲಿ ಅಂತ ಬಿಡಿಸಿ ನೋಡಿದೆ. ಮಾಸ್ ತೆಗೆದುಹಾಕಿ, ಬರೀ ಸಂಖ್ಯಾ ಪದ್ಧತಿಯ ಆಪ್ಷನ್ ಮಾತ್ರ ಬದಲಿಸಿ ಓಡಿಸಿದೆ. 34 ಪಾಲಿಸಿ ಆಗಲೇ ಬೇರೆ ಬಂದವು, ಆ ನೋಟಿಸಿನದ್ದೂ ಅದರಲ್ಲೇ ಇತ್ತು. ಮಾಸ್ ಸೇರಿಸಿದ ಮೇಲೆ ಹೆಚ್ಚಾಗಿದ್ದು ಮೂರು. ಅಂದರೆ ಸ್ಲೈಡಿನಲ್ಲಿ ಕೀರ್ತಿ ಪಡೆದ ಲೈಬ್ರರಿಯೇ ಮೇಲ್‌ಗಳಲ್ಲಿ ಬೈಗುಳ ತಿಂತಿತ್ತು, ಎರಡೂ ಅನ್ಯಾಯ. ಮಾಸ್ ಬೇಕು ಅಂದರೆ ಐಇಇಇ ಪದ್ಧತಿಯ ಸಂಖ್ಯೆಗಳು ಬೇಕು. ಹಳೇ ಕೋಡು ಇದ್ದಿದ್ದು ಹೆಕ್ಸ್ ಪದ್ಧತಿಯಲ್ಲಿ. 31 ಬಿಟ್ ಸಿ ಪ್ರೋಗ್ರಾಮುಗಳಿಗೆ ಕಂಪೈಲರು ಬೇರೇನೂ ಹೇಳದಿದ್ದರೆ ಇಟ್ಟುಕೊಳ್ಳೋದೇ ಅದನ್ನ. ವೇಗಕ್ಕೆ ಅಂತ ಲೈಬ್ರರಿ ತರಿಸಿದೆ, ಅದರ ಜೊತೆ ಒಂದು ಹೊಸ ಅಂಕಗಣಿತವೇ ಮನೆಯೊಳಗೆ ಬಂತು. ನಾನು ಬಾಗಿಲು ತೆಗೆದಿದ್ದೆ, ಯಾರು ಬಂದರು ಅಂತ ನೋಡಿರಲಿಲ್ಲ.

ಈ ಹೆಕ್ಸ್ ಪದ್ಧತಿಯ ಇತಿಹಾಸ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಮೇನ್‌ಫ್ರೇಮಿನಲ್ಲಿ ಹಳೇದು ಅನ್ನೋದು ಸಾಯಲ್ಲ, ಡೀಫಾಲ್ಟ್ ಆಗಿ ಕೂರುತ್ತೆ. 1964ರಲ್ಲಿ ಐಬಿಎಂ ಸಿಸ್ಟಮ್/360 ಘೋಷಿಸಿದಾಗ ದಶಮಾಂಶದ ಬಿಂದು ಅತ್ತಿತ್ತ ಹೋಗೋ ಸಂಖ್ಯೆಗಳನ್ನ 2ರ ಆಧಾರದ ಬದಲು 16ರ ಆಧಾರದಲ್ಲಿ ಇಟ್ಟರು. ಪರಿಣಾಮ ಏನಪ್ಪಾ ಅಂದರೆ ನಿಖರತೆ ಓಲಾಡುತ್ತೆ. ಮೊದಲ ಹೆಕ್ಸ್ ಅಂಕಿ ಸಣ್ಣದಿದ್ದರೆ ಮೂರು ಬಿಟ್‌ವರೆಗೆ ಪೋಲು. ಉದ್ದದ ರೂಪದಲ್ಲಿ 53ರಿಂದ 56 ಬಿಟ್, ಸಂಖ್ಯೆ ನೋಡಿಕೊಂಡು. ಐಇಇಇಯಲ್ಲಿ ಮಾಮೂಲಿ ಸಂಖ್ಯೆಗಳಿಗೆಲ್ಲ 53. ನಾನು ಮೊದಲು ಹೇಳಿದ ಲೆಕ್ಕದಲ್ಲಿ ಹಳೇ ಪದ್ಧತಿ ಗೆದ್ದಿದ್ದು ಈ ಹೆಚ್ಚಿನ ಬಿಟ್‌ಗಳಿಂದ. ಆದರೆ ಹಳೇದು ಉಳಿದ ಚೂರನ್ನ ಕತ್ತರಿಸಿ ಎಸೆಯುತ್ತೆ, ಐಇಇಇ ಹತ್ತಿರದ ಸಂಖ್ಯೆಗೆ ಸರಿಸುತ್ತೆ. 49 ರೂಪಾಯಿ 90 ಪೈಸೆಯ ಸಾಮಾನಿಗೆ ಒಬ್ಬ ಅಂಗಡಿಯವನು 50 ತಗೋತಾನೆ, ಇನ್ನೊಬ್ಬ 49 ತಗೋತಾನೆ. ಒಂದು ಸಲಕ್ಕೆ ಯಾರೂ ಮುಳುಗಲ್ಲ. ಎರಡನೆಯವನು ಮೂವತ್ತು ವರ್ಷ ಹಾಗೇ ಮಾಡಿದರೆ ಅಂಗಡಿ ಸೊರಗುತ್ತೆ, ಯಾಕೆಂದರೆ ಅವನ ತಪ್ಪು ಯಾವಾಗಲೂ ಒಂದೇ ಕಡೆಗೆ.

ಮೊದಲ 360ಗಳಲ್ಲಿ ಇನ್ನೂ ದೊಡ್ಡ ಎಡವಟ್ಟಿತ್ತು. ಉದ್ದದ ರೂಪದ ಲೆಕ್ಕದಲ್ಲಿ ಗಾರ್ಡ್ ಡಿಜಿಟ್ ಅನ್ನೋ ಒಂದು ಕಾವಲು ಅಂಕಿ ಇಟ್ಟಿರಲಿಲ್ಲ, ಹಾಗಾಗಿ ಒಂದು ಸಂಖ್ಯೆಯನ್ನ 1ರಿಂದ ಗುಣಿಸಿದರೆ ಅದರ ಕೊನೆಯ ಅಂಕಿ ಕಳೆದುಹೋಗಬಹುದಿತ್ತು. ಬಳಕೆದಾರರ ಒಕ್ಕೂಟವಾದ ಶೇರ್ ಗಲಾಟೆ ಮಾಡಿತು. ಗ್ರಾಹಕರ ಜಾಗದಲ್ಲಿ ಕೂತಿದ್ದ ಯಂತ್ರಗಳನ್ನೂ ಐಬಿಎಂ ಬಿಚ್ಚಿ ಸರಿಮಾಡಿತು. ಹಾರ್ಡ್‌ವೇರ್ ಬದಲಾವಣೆ, ಪ್ಯಾಚ್ ಅಲ್ಲ! ಕೊನೆಯ ಅಂಕಿಗಾಗಿ ಬೀದಿಗಿಳಿದ ಜನ ಒಂದು ಕಾಲಕ್ಕೆ ಇದ್ದರು. ಐಇಇಇ ಮಾನದಂಡ ಬಂದಿದ್ದು 1985ರಲ್ಲಿ. ಅದರ ಮುಖ್ಯ ಶಿಲ್ಪಿ ವಿಲಿಯಂ ಕಹಾನ್‌ಗೆ 1989ರ ಟ್ಯೂರಿಂಗ್ ಪ್ರಶಸ್ತಿ ಬಂತು. ಮೇನ್‌ಫ್ರೇಮಿನ ಹಾರ್ಡ್‌ವೇರಿಗೆ ಅದು ಇಳಿದಿದ್ದು 1998ರ ಜಿ5 ಯಂತ್ರದಲ್ಲಿ. ಹಳೇದನ್ನ ತೆಗೆಯಲಿಲ್ಲ, ಪಕ್ಕದಲ್ಲಿ ಇಟ್ಟರು. ಆಮೇಲೆ 2008ರ ಝಡ್10ರಲ್ಲಿ ದಶಮಾಂಶ ಫ್ಲೋಟಿಂಗ್ ಪಾಯಿಂಟೂ ಹಾರ್ಡ್‌ವೇರಿಗೆ ಬಂತು. ಕೋಬಾಲಿನ ಪ್ಯಾಕ್ಡ್ ಡೆಸಿಮಲ್ ಅಂತೂ ಮೊದಲಿಂದ ಇದ್ದೇ ಇದೆ. 2022ರ ಝಡ್16ರ ಚಿಪ್ಪಿನೊಳಗಿನ ಎಐ ಆ್ಯಕ್ಸಲರೇಟರಿನಲ್ಲಿ 16 ಬಿಟ್‌ನ ಇನ್ನೊಂದು ರೂಪ, ಅದರಲ್ಲಿ ಭಿನ್ನರಾಶಿಗೆ 9 ಬಿಟ್. ಒಂದೇ ಪೆಟ್ಟಿಗೆಯೊಳಗೆ 31 ಅಂಕಿ ಚಾಚೂ ತಪ್ಪದೆ ಇಡೋದೂ ಇದೆ, ಮೂರು ಅಂಕಿಗೆ ತೃಪ್ತಿಪಡೋದೂ ಇದೆ.

ಇಲ್ಲಿ ನಮ್ಮೂರಿನ ಒಂದು ವಿಷಯ. 1970ರ ಹೊತ್ತಿಗೆ ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯೋ ಐಐಎಸ್‌ಸಿಗೆ ಬಂದ ಮೇನ್‌ಫ್ರೇಮು ಐಬಿಎಂ 360ರ ಮಾಡೆಲ್ 44. ವಿಜ್ಞಾನದ ಲೆಕ್ಕಕ್ಕೆ ಅಂತಲೇ ಮಾಡಿದ ಯಂತ್ರ. ದುಡ್ಡಿನ ಲೆಕ್ಕಕ್ಕೆ ಬೇಕಾದ ದಶಮಾಂಶದ ಆಜ್ಞೆಗಳನ್ನ ಅದರ ಮೂಲ ಸೆಟ್ಟಿನಿಂದ ಕೈಬಿಟ್ಟಿದ್ದರು. ಆ ಮಾಡೆಲ್ಲಿನ ಮುಂಭಾಗದಲ್ಲಿ, ಫ್ಯಾನಿನ ರೆಗ್ಯುಲೇಟರ್ ಥರ, ಒಂದು ನಾಬ್ ಇತ್ತು. ಉದ್ದದ ಸಂಖ್ಯೆಗಳನ್ನ ಎಷ್ಟು ಹೆಕ್ಸ್ ಅಂಕಿವರೆಗೆ ಲೆಕ್ಕ ಹಾಕಬೇಕು ಅಂತ ಅದರಲ್ಲಿ ತಿರುಗಿಸೋದು: 8, 10, 12, 14. ಕಮ್ಮಿ ಅಂಕಿ ಇಟ್ಟರೆ ವೇಗ ಜಾಸ್ತಿ. ನನಗೆ ಆ ನಾಬ್ ಮೇಲೆ ಸ್ವಲ್ಪ ಪ್ರೀತಿ. ವೇಗ ಬೇಕಾದರೆ ಎದ್ದು ಹೋಗಿ ಕೈಯಾರೆ ತಿರುಗಿಸಬೇಕು, ಪಕ್ಕದಲ್ಲಿ ನಿಂತವರಿಗೂ ಅದು 10ರಲ್ಲಿದೆ ಅಂತ ಕಾಣುತ್ತೆ, ‘ಯಾರಪ್ಪ ಇದನ್ನ ಇಳಿಸಿದ್ದು?’ ಅಂತ ಕೇಳಬಹುದು. ಇವತ್ತು ಅದೇ ನಾಬ್ ಬಿಲ್ಡ್ ಸ್ಕ್ರಿಪ್ಟಿನ ಅರವತ್ತನೇ ಸಾಲಿನಲ್ಲಿ ಒಂದು ಶಬ್ದ. ತಿರುಗಿಸಿದವನಿಗೇ ತಿರುಗಿಸಿದ್ದು ಗೊತ್ತಿರಲ್ಲ. ಸಾಕ್ಷಿಗೆ ನಾನೇ ಇದ್ದೀನಿ.

ಈ ಲೈಬ್ರರಿಗಳ ಮೇಲೆ ನನ್ನ ತಕರಾರು ಅವು ತಪ್ಪು ಲೆಕ್ಕ ಹಾಕುತ್ತವೆ ಅಂತ ಅಲ್ಲ. ಬಹುತೇಕ ಸಲ ಅವು ಹಳೇದಕ್ಕಿಂತ ಚೆನ್ನಾಗಿಯೇ ಹಾಕುತ್ತವೆ. ‘ಹೈ ಪರ್ಫಾರ್ಮೆನ್ಸ್’ ಅನ್ನೋ ಒಂದೇ ಹಣೆಪಟ್ಟಿಯ ಕೆಳಗೆ ಮೂರು ಬೇರೆ ಬೇರೆ ಬದಲಾವಣೆ ಕಟ್ಟಿಕೊಂಡು ಬರುತ್ತವೆ ಅನ್ನೋದು ತಕರಾರು: ಸಂಖ್ಯೆಯ ರೂಪ ಬದಲಾಗುತ್ತೆ, ಫಂಕ್ಷನ್ನಿನ ಒಳಗಿನ ಅಂದಾಜಿನ ವಿಧಾನ ಬದಲಾಗುತ್ತೆ, ಕೂಡೋ ಕ್ರಮವೂ ಬದಲಾಗಬಹುದು. ಈ ಮೂರನೆಯದು ಅಟ್ಲಾಸ್ ಥರದ್ದರಲ್ಲಿ ಜಾಸ್ತಿ. ಸಾವಿರ ಸಂಖ್ಯೆ ಒಂದರ ಹಿಂದೆ ಒಂದು ಕೂಡೋ ಬದಲು ಬೆಸ ಜಾಗದ್ದೆಲ್ಲ ಒಂದು ಕಡೆ, ಸಮ ಜಾಗದ್ದೆಲ್ಲ ಇನ್ನೊಂದು ಕಡೆ ಕೂಡಿ ಕೊನೆಗೆ ಸೇರಿಸಿದರೆ ವೇಗ ಬರುತ್ತೆ. ಆದರೆ ಯಂತ್ರದ ಕೂಡುವಿಕೆಯಲ್ಲಿ ಕ್ರಮ ಬದಲಾದರೆ ಮೊತ್ತವೂ ಬದಲಾಗಬಹುದು. ಹವಾಮಾನದವರಿಗೆ, ಎಐನವರಿಗೆ ಇದು ಶಬ್ದದೊಳಗಿನ ಶಬ್ದ. ನೋಟಿಸ್ ಪ್ರಿಂಟ್ ಮಾಡೋರಿಗೆ ಅಲ್ಲ.

‘ನಮ್ಮದು ಕೋಬಾಲ್, ಎಲ್ಲ ಪ್ಯಾಕ್ಡ್ ಡೆಸಿಮಲ್, ಈ ರಗಳೆ ನಮಗಿಲ್ಲ’ ಅನ್ನೋ ಹಿರಿಯರಿಗೂ ಒಂದು ಮಾತು. ನಾನು ಅಡ್ಡ ಹಾದಿಯಲ್ಲಿ ಕಲಿತಿದ್ದು ಇದು. ಮೂವತ್ತು ಲಕ್ಷದ ಮನೆ ಸಾಲ, 9 ಪರ್ಸೆಂಟ್ ಬಡ್ಡಿ, 20 ವರ್ಷ. ಇಎಂಐ 26,991 ರೂಪಾಯಿ 78 ಪೈಸೆ. ಇದನ್ನ ಕೋಬಾಲಿನಲ್ಲಿ ಆ್ಯನ್ಯುಯಿಟಿ ಅನ್ನೋ ಸಿದ್ಧ ಫಂಕ್ಷನ್ನಿಂದ ತೆಗೆದರೆ, ನಿಮ್ಮ ಎಲ್ಲ ವೇರಿಯಬಲ್‌ಗಳೂ ಡೆಸಿಮಲ್ ಆಗಿದ್ದರೂ, ಒಳಗಡೆ ಲೆಕ್ಕ ನಡೆಯೋದು ಫ್ಲೋಟಿಂಗ್ ಪಾಯಿಂಟಿನಲ್ಲಿ. ದಿನಗಳನ್ನ 365ರಿಂದ ಭಾಗಿಸಿ ಆ ಭಿನ್ನರಾಶಿಯನ್ನ ಘಾತಕ್ಕೆ ಏರಿಸಿದರೂ ಅಷ್ಟೇ. ಮುಂಬಾಗಿಲಲ್ಲಿ ಮಡಿ, ಹಿತ್ತಲಲ್ಲಿ ಬೇರೆ ವ್ಯವಹಾರ.

ನಮ್ಮ ಕಥೆಗೆ ವಾಪಸ್. ‘ಯಾವುದು ಸರಿ?’ ಅನ್ನೋದಕ್ಕೆ ಉತ್ತರ ಹುಡುಕಿಕೊಂಡು ನಾನು ಕೊನೆಗೆ ಓದಿದ್ದು ಕಂಪೈಲರಿನ ಕೈಪಿಡಿ ಅಲ್ಲ, ಪಾಲಿಸಿಯ ಕರಾರು ಪತ್ರ. ಅದರಲ್ಲಿ ಸ್ಪಷ್ಟವಾಗಿ ಇತ್ತು: ಬಡ್ಡಿಯನ್ನ ಪ್ರತಿ ತಿಂಗಳ ಕೊನೆಗೆ ಸೇರಿಸಿ, ಆ ತಿಂಗಳೇ ಹತ್ತಿರದ ಸೆಂಟಿಗೆ ಸರಿಮಾಡಬೇಕು. ನಮ್ಮ ಕೋಡು ಹಾಗೆ ಮಾಡ್ತಾ ಇರಲಿಲ್ಲ. ಹಿಂದಿನ ವಾರ್ಷಿಕ ದಿನದಿಂದ ಎಷ್ಟು ತಿಂಗಳಾಯ್ತೋ ಅಷ್ಟರ ಘಾತಕ್ಕೆ ಒಂದೇ ಏಟಿಗೆ ಏರಿಸಿ, ಕೊನೆಯಲ್ಲಿ ಒಂದೇ ಸಲ ಸರಿಮಾಡ್ತಿತ್ತು. ನಾನು ಎರಡು ವಾರ ಕೂತು ಐದು ಪಟ್ಟು ವೇಗ ಮಾಡಿದ ಆ ಘಾತದ ಫಂಕ್ಷನ್ ಅಲ್ಲಿ ಇರಲೇಬಾರದಿತ್ತು. ಕರಾರಿನ ಪ್ರಕಾರ ಬೇಕಾಗಿದ್ದು ಹೆಚ್ಚೆಂದರೆ ಹನ್ನೆರಡು ಸಾದಾ ಗುಣಾಕಾರ, ಪ್ರತಿ ಸಲ ಒಂದು ರೌಂಡಿಂಗು, ದಶಮಾಂಶದಲ್ಲಿ.

ಬರೆದು ನೋಡಿದೆ. ದಶಮಾಂಶ ಫ್ಲೋಟಿಂಗ್ ಪಾಯಿಂಟಿನಲ್ಲಿ, ಸಿಯಲ್ಲೇ, ಒಂದು ಪುಟ್ಟ ಲೂಪು. ಆ ಭಾಗಕ್ಕೆ ನಾಲ್ಕು ನಿಮಿಷ ತಗೊಂಡಿತು. ಮಾಸ್‌ನ ಹತ್ತಿರಹತ್ತಿರವೇ. ಆ ಮನುಷ್ಯನ ಪಾಲಿಸಿ ಎರಡು ಸೆಂಟ್ ಹೆಚ್ಚಿಗೆ ಬಂತು, ಲ್ಯಾಪ್ಸ್ ಪ್ರಶ್ನೆಯೇ ಇಲ್ಲ. ಆದರೆ ಈಗ ಹಳೇ ಲೆಕ್ಕದ ಜೊತೆ ಹೋಲಿಸಿದರೆ 37 ಅಲ್ಲ, ಸಾವಿರಗಟ್ಟಲೆ ಪಾಲಿಸಿಗಳು ಬೇರೆ. ಅದನ್ನ ಮೇಡಂಗೆ ಕಳಿಸಿದ ಮೇಲೆ ಮೇಲ್‌ನ ಸಿಸಿಯಲ್ಲಿ ಅವರ ಕಡೆಯ ವಕೀಲರು ಸೇರಿಕೊಂಡರು, ಎರಡು ದಿನದ ನಂತರ ನಮ್ಮ ಹೆಸರುಗಳನ್ನ ಆ ಸರಣಿಯಿಂದ ತೆಗೆದರು.

ಮಾಸ್ ಈಗಲೂ ಆ ಪ್ರಾಜೆಕ್ಟಿನಲ್ಲಿದೆ. ಮುಂದಿನ ಮೂವತ್ತು ವರ್ಷದ ಬಡ್ಡಿ ದರ ಹೇಗೆಲ್ಲ ಹೋಗಬಹುದು ಅಂತ ಹತ್ತು ಸಾವಿರ ಕಾಲ್ಪನಿಕ ದಾರಿಗಳನ್ನ ಓಡಿಸಿ ಸರಾಸರಿ ತೆಗೆಯೋ ಇನ್ನೊಂದು ಪ್ರೋಗ್ರಾಮಿದೆ, ಅಲ್ಲಿಗೆ ಹಾಕಿದೆವು. ಅಲ್ಲಿ ಡೇಟಾಬೇಸ್ ಕಮ್ಮಿ, ಗಣಿತವೇ ಎಲ್ಲ, ಕೊನೆಯ ಬಿಟ್ ಯಾರ ಮನೆಗೂ ಕಾಗದ ಕಳಿಸಲ್ಲ. ಒಂದು ರಾತ್ರಿಯ ಕೆಲಸ ಎರಡು ಗಂಟೆಗೆ ಬಂತು. ಅಂಥ ಜಾಗಕ್ಕೆ ಈ ಲೈಬ್ರರಿ ಬೇಕು ಅಂತ ಯಾರಾದರೂ ಕೇಳಿದರೆ ಕಣ್ಣು ಮುಚ್ಚಿ ಹೂಂ ಅಂತೀನಿ. ಸಂಖ್ಯೆಯ ಪದ್ಧತಿ ಬದಲಾವಣೆಯನ್ನ ಮಾತ್ರ ಬೇರೆ ರಿಲೀಸಿನಲ್ಲಿ, ಬೇರೆ ಟಿಕೆಟ್ ಹಾಕಿ, ಬೇರೆಯವರ ಸಹಿ ತಗೊಂಡು ಮೊದಲು ಮಾಡಿ ಅಂತೀನಿ.

ಹಳೇ ಪ್ರೋಗ್ರಾಮಿನ ಆ ಘಾತದ ಸಾಲಿನ ಮೇಲೆ ಒಂದು ಕಾಮೆಂಟ್ ಇತ್ತು. ನಾನು ಮೊದಲ ದಿನವೇ ನೋಡಿದ್ದೆ, ಓದಿರಲಿಲ್ಲ. ತಿಂಗಳ ಲೂಪು ತೆಗೆದಿದೆ, ಸಿಪಿಯು ಉಳಿಸೋಕೆ, ಅಂತ. ಕೆಳಗೆ ಯಾರದ್ದೋ ಎರಡಕ್ಷರದ ಇನಿಷಿಯಲ್ಲು, 1996.